ಕರಡು ಮುಂದೆ ಸಾಗುತ್ತಿದೆ

ಪಿಎಚ್‌.ಡಿ. ಮಹಾಪ್ರಬಂಧದ ಬರವಣಿಗೆಯನ್ನು ಮುಂದೂಡುವುದನ್ನು ಸೋಮಾರಿತನ ಎನ್ನುವವರಿಗೆ ಆ ಕೆಲಸ ಹುಟ್ಟಿಸುವ ಅಳುಕು ಗೊತ್ತಿರುವುದಿಲ್ಲ. ವೀರಗಲ್ಲುಗಳ ಮೇಲೆ ಸಂಶೋಧನೆ ನಡೆಸುತ್ತಿರುವ ನನಗೆ, ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ಇನ್ನೊಂದು ಶಾಸನಪಾಠವನ್ನು ನೋಡಿ ಆಮೇಲೆ ಬರೆಯೋಣ ಎಂದು ಅನ್ನಿಸುತ್ತಲೇ ಇರುತ್ತದೆ. ಓದುವುದೂ ಸಂಶೋಧನೆಯೇ ಆದ್ದರಿಂದ ಈ ಮುಂದೂಡಿಕೆ ಕೆಲಸದಂತೆಯೇ ಕಾಣುತ್ತದೆ. ಯುಜಿಸಿಯ 2022ರ ನಿಯಮಾವಳಿ ಗರಿಷ್ಠ 6 ವರ್ಷ ಕೊಡುತ್ತದೆ, ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಅಷ್ಟು ದೂರದ ಗಡುವು ಇಂದಿನ ಪುಟವನ್ನು ಬರೆಸುವುದಿಲ್ಲ.

ಈಗ ನನ್ನಿಂದ ಬರೆಸುತ್ತಿರುವುದು ಒಂದು ಸಣ್ಣ ರೂಢಿ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲೇ ಒಂದೇ ಒಂದು ವೀರಗಲ್ಲಿನ ಚಿತ್ರವನ್ನು ಎದುರಿಗಿಟ್ಟುಕೊಂಡು, ಕೆಳಪಟ್ಟಿಕೆಯಲ್ಲಿ ತುರುಗಳನ್ನು (ದನಗಳನ್ನು) ಬಿಡಿಸಲು ಕಾದುವ ವೀರನನ್ನು, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರನ್ನು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ಅವನನ್ನೇ ನೋಡುತ್ತ, ಕಂಡದ್ದನ್ನು ಅಡಿಟಿಪ್ಪಣಿಯಿಲ್ಲದೆ, ತಿದ್ದದೆ ಬರೆಯುತ್ತೇನೆ. ಸಂಶಯ ಬಂದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತೇನೆ. ಪರಿಶೀಲನೆ ಮಧ್ಯಾಹ್ನದ ಕೆಲಸ. ಮಾರ್ಗದರ್ಶಕರಿಗೂ ಈಗ ಹಸಿ ಕರಡನ್ನೇ ಕಳುಹಿಸುತ್ತಿದ್ದೇನೆ, ಅವರು ಅದನ್ನು ಸಂತೋಷದಿಂದಲೇ ಓದುತ್ತಾರೆ. ತುರುಗಾಳಗದ ಅಧ್ಯಾಯ ಹೀಗೆ ಮುಗಿಯುತ್ತ ಬಂದಿದೆ. ಇದೇ ಹಾದಿಯಲ್ಲಿರುವ ಗೆಳೆಯರು ತಮ್ಮ ಕರಡುಗಳನ್ನು ಕಳುಹಿಸಿದರೆ ನಾನೂ ಮನಸ್ಸಿಟ್ಟು ಓದುತ್ತೇನೆ.