ಆಟಿ ಹದಿನೆಂಟು, ಡಾರ್ವಿನ್ ಮತ್ತು ಕಾಫಿ ಎಲೆಯ ತುಕ್ಕು

ಆಗಸ್ಟ್ 3, 2025, ಭಾನುವಾರ

ಈ ಮಳೆಗಾಲದಲ್ಲಿ ನಾನು ಓದಿದ್ದೆಲ್ಲ ಜೀವವಿಕಾಸದ ಪುಸ್ತಕಗಳೇ. ತೋಟದಲ್ಲಿ ಕೆಲಸ ಕಡಿಮೆ, ಕರೆಂಟ್ ಇಲ್ಲದ ದಿನಗಳೇ ಜಾಸ್ತಿ. ಹಗಲು ಹೊತ್ತು ಕಿಟಕಿ ಪಕ್ಕ ಕೂತು ಓದಿದೆ. ಇವತ್ತು ನಮ್ಮ ಕೊಡಗಿನಲ್ಲಿ ಆಟಿ ಹದಿನೆಂಟು, ಆಟಿ ತಿಂಗಳಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸಕ್ಕೆ ಮನೆಯವರೆಲ್ಲ ಸೇರಿದ್ದೆವು. ಮಾತು ಜೀವವಿಕಾಸಕ್ಕೇ ಬಂತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ವಿಷಯದ ಪುಸ್ತಕಗಳಿಗೆ ಜಗಳದ ದನಿ ಇದೆ. 2006ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ದೇವರು ಅನ್ನುವುದೇ ಭ್ರಮೆ ಎಂದು ವಾದಿಸಿ ಪುಸ್ತಕ ಬರೆದರು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಅದೇ ವರ್ಷ ಇನ್ನೊಂದು ಪುಸ್ತಕ ತಂದರು. ಅವರು ದೇವರನ್ನು ನಂಬುವ ಕ್ರೈಸ್ತರು, ಜೀವವಿಕಾಸವನ್ನೂ ಪೂರ್ತಿ ಒಪ್ಪಿದವರು. ಇಬ್ಬರೂ ಜೀವಶಾಸ್ತ್ರ ವಿವರಿಸುವಾಗ ಓದುತ್ತಲೇ ಇರಬೇಕು ಅನ್ನಿಸುತ್ತದೆ. ದೇವರ ವಾದಕ್ಕೆ ಇಳಿದಾಗ ಮಾತ್ರ ಇದು ನಮ್ಮ ಮನೆಯ ಜಗಳ ಅಲ್ಲ ಅನ್ನಿಸಿತು. 17ನೇ ಶತಮಾನದಲ್ಲಿ ಜೇಮ್ಸ್ ಅಶರ್ ಎಂಬ ಆರ್ಚ್‌ಬಿಷಪ್ ಬೈಬಲಿನ ಲೆಕ್ಕ ಕೂಡಿಸಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದಿದ್ದರು. ಆ ಲೆಕ್ಕ ನಂಬಿದವರಿಗೆ ಕೋಟಿ ವರ್ಷಗಳ ಮಾತು ನುಂಗಲು ಕಷ್ಟ. ನಮ್ಮಲ್ಲಿ ಕಲಿಯುಗ ಒಂದಕ್ಕೇ 4,32,000 ವರ್ಷ. ಭೂಮಿಗೆ ತುಂಬಾ ವಯಸ್ಸಾಗಿದೆ ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ.

ಈ ವಾದಗಳಿಗಿಂತ ನನಗೆ ಹತ್ತಿರವಾದದ್ದು ಡಾರ್ವಿನ್ ಎಂಬ ಮನುಷ್ಯ. ಪಾದ್ರಿಯಾಗಲಿ ಅಂತ ಅಪ್ಪ ಕೇಂಬ್ರಿಜ್‌ಗೆ ಕಳಿಸಿದ್ದರು. ಅಲ್ಲಿಂದ ಹುಡುಗ 1831ರಲ್ಲಿ ಬೀಗಲ್ ಹಡಗು ಹತ್ತಿದ. ಮುಂದೆ ಕಟ್ಟಿಕೊಂಡ ಹೆಂಡತಿ ಎಮ್ಮಾ ದೈವಭಕ್ತೆ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. 1859ರಲ್ಲಿ ‘ಆನ್ ದಿ ಒರಿಜಿನ್ ಆಫ್ ಸ್ಪೀಶೀಸ್’ ಎಂಬ ಅವರ ಪುಸ್ತಕ ಬಂತು. ಮರುವರ್ಷ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಒಂದು ಕಾಗದ ಬರೆದರು. ಒಂದು ಜಾತಿಯ ಕಣಜದ ಮರಿಗಳು ಕಂಬಳಿಹುಳವನ್ನು ಜೀವಂತವಾಗಿಯೇ ಒಳಗಿನಿಂದ ತಿನ್ನುತ್ತವೆ. ಕರುಣೆಯುಳ್ಳ ದೇವರು ಬೇಕೆಂದೇ ಇದನ್ನು ಮಾಡಿದ ಎಂದು ನಂಬಲು ನನ್ನಿಂದ ಆಗುತ್ತಿಲ್ಲ ಎನ್ನುತ್ತಾರೆ. ಅದೇ ಕಾಗದದಲ್ಲಿ, ಈ ವಿಷಯ ಮನುಷ್ಯನ ಬುದ್ಧಿಗೆ ಮೀರಿದ್ದು ಎಂದೂ ಹೇಳುತ್ತಾರೆ. ಯಾರನ್ನೂ ಸೋಲಿಸುವ ಆತುರ ಅಲ್ಲಿಲ್ಲ. ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಕೆಲವು ಸಾಲು ಹೆಚ್ಚು ಪ್ರಾಮಾಣಿಕ ಅನ್ನಿಸಿತು.

ನಮ್ಮಲ್ಲಿನ ತೊಂದರೆ ಬೇರೆ ರೀತಿಯದು. ಇಲ್ಲಿ ಯಾರೂ ಡಾರ್ವಿನ್ನನ್ನು ಬೈಯುವುದಿಲ್ಲ. ‘ಅದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ಇವತ್ತು ಚಿಕ್ಕಪ್ಪ ಹೇಳಿದ್ದೂ ಅದೇ.

“ದಶಾವತಾರ ನೋಡು ಮಾರಾಯ್ತಿ. ಮೊದಲು ಮೀನು, ಆಮೇಲೆ ಆಮೆ, ಹಂದಿ, ನರಸಿಂಹ, ಆಮೇಲೆ ಮನುಷ್ಯ. ಆ ಬಿಳಿಯ ಹೊಸದಾಗಿ ಹೇಳಿದ್ದು ಎಂಥ?”

ಈ ಹೋಲಿಕೆ ಹೊಸದೇನಲ್ಲ. 19ನೇ ಶತಮಾನದಲ್ಲೇ ಬಂಗಾಳದ ಸಮಾಜ ಸುಧಾರಕ ಕೇಶವಚಂದ್ರ ಸೇನರು ಇದನ್ನು ಹೇಳಿದ್ದರು. ಮೀನಿನ ಮಟ್ಟಿಗೆ ಚಿಕ್ಕಪ್ಪನ ಮಾತು ಹತ್ತಿರವೇ ಇದೆ. 2004ರಲ್ಲಿ ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಟಿಕ್ಟಾಲಿಕ್ ಎಂಬ ಮೀನಿನ ಪಳೆಯುಳಿಕೆ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಅದರ ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳಿವೆ. ಮೀನಿನ ಸಾಲು ನೆಲಕ್ಕೆ ಬಂದ ದಾರಿಯ ಗುರುತು ಅದು. ಆದರೆ ಆಮೆ, ಹಂದಿ ನಮ್ಮ ಅಜ್ಜಂದಿರಲ್ಲ. ಅವು ನಮ್ಮ ದಾಯಾದಿಗಳು. ಒಂದೇ ಮೂಲದಿಂದ ಕವಲೊಡೆದು ತಮ್ಮ ದಾರಿ ಹಿಡಿದು ಇಲ್ಲಿಯ ತನಕ ಬಂದವು. ಅವತಾರದ ಕಥೆಯಲ್ಲಿ ವಿಷ್ಣು ಒಂದು ಉದ್ದೇಶ ಇಟ್ಟುಕೊಂಡು, ಭಕ್ತರನ್ನು ಕಾಯಲು ಬರುತ್ತಾನೆ. ಜೀವವಿಕಾಸಕ್ಕೆ ಉದ್ದೇಶವೇ ಇಲ್ಲ. ಎರಡೂ ಒಂದೇ ಅಂದರೆ ಕಥೆಯ ಅಭಯವೂ ಹೋಗುತ್ತದೆ, ಡಾರ್ವಿನ್ ಪಟ್ಟ ಪಾಡೂ ಹೋಗುತ್ತದೆ. ನನಗೆ ಎರಡೂ ಬೇಕು. ಅದಕ್ಕೇ ನಾನು ಸುಮ್ನೆ ಇರಲಿಲ್ಲ.

“ಚಿಕ್ಕಪ್ಪ, ನಮ್ಮ ತೋಟದಲ್ಲಿ ಮೊದಲು ಯಾವ ಕಾಫಿ ಇತ್ತು?” ಎಂದು ಕೇಳಿದೆ.

ಕಾಫಿಯ ಮಾತು ಬಂದರೆ ಅವರನ್ನು ಹಿಡಿಯುವವರಿಲ್ಲ. ಅಜ್ಜನ ಹಿರಿಯರ ಕಾಲಕ್ಕೆ ಕೂರ್ಗ್ ತಳಿಯಂತೆ. ಎಲೆ ತುಕ್ಕು ಎಂಬ ಶಿಲೀಂಧ್ರ ರೋಗಕ್ಕೆ ಅದು ಹೋಯಿತು. ಆಮೇಲೆ ಚಿಕ್ಕಮಗಳೂರು ಕಡೆಯಿಂದ ಕೆಂಟ್ಸ್ ತಳಿ ಬಂತು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ಎಲ್ಲರೂ ಹಾಕಿದರು. ಕೆಲವು ವರ್ಷ ಹಿಡಿಯಲೂ ಇಲ್ಲ, ಆಮೇಲೆ ಹಿಡಿಯಿತು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು 795 ಎಂಬ ತಳಿ ಕೊಟ್ಟರು. ಅದೂ ಈಗ ಮೊದಲಿನ ಹಾಗೆ ತಡೆಯುತ್ತಿಲ್ಲ. 1980ರ ದಶಕದ ಕಾವೇರಿ ತಳಿಯ ಕಥೆಯೂ ಅದೇ. “ಬೋರ್ಡೋ ಮದ್ದು ಹೊಡೆಯದೆ ಈ ಅರೇಬಿಕಾ ಕಾಫಿ ಉಳಿಯುವುದಿಲ್ಲ” ಎಂದು ಮುಗಿಸಿದರು.

ಇದೇ ಜೀವವಿಕಾಸ ಎಂದೆ. ಎಲೆಯ ಅಡಿಯಲ್ಲಿ ಕಾಣುವ ಆ ಕಿತ್ತಳೆ ಪುಡಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜಕಣಗಳಿವೆ. ಎಲ್ಲವೂ ಒಂದೇ ತರ ಇರುವುದಿಲ್ಲ. ಎಲ್ಲೋ ಒಂದರಲ್ಲಿ ಸಣ್ಣ ಬದಲಾವಣೆ ಆಗಿ, ಕೆಂಟ್ಸ್ ಎಲೆಯೊಳಗೆ ನುಗ್ಗುವ ಶಕ್ತಿ ಬಂದಿರುತ್ತದೆ. ಕೂರ್ಗ್ ತಳಿಯ ತೋಟದಲ್ಲಿ ಅದಕ್ಕೆ ವಿಶೇಷ ಲಾಭ ಇಲ್ಲ. ಕೆಂಟ್ಸ್ ತೋಟದಲ್ಲಿ ಉಳಿದವೆಲ್ಲ ಸಾಯುತ್ತವೆ, ಇಡೀ ತೋಟ ಅದೊಂದಕ್ಕೇ ಸಿಗುತ್ತದೆ. ತುಕ್ಕಿಗೆ ಯಾರೂ ಕಲಿಸಲಿಲ್ಲ. ಅದು ಯೋಚನೆಯನ್ನೂ ಮಾಡಲಿಲ್ಲ. ತುಕ್ಕಿನಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು 1930ರ ದಶಕದಲ್ಲಿ ವಿಜ್ಞಾನಿ ಡಬ್ಲ್ಯೂ. ಡಬ್ಲ್ಯೂ. ಮೇನ್ ತೋರಿಸಿದ್ದು ಇದೇ ಬಾಳೆಹೊನ್ನೂರಿನಲ್ಲಿ. ದಶಾವತಾರದಿಂದ ಇದನ್ನು ಮೊದಲೇ ಊಹಿಸಲು ಆಗುತ್ತಿರಲಿಲ್ಲ ಅಲ್ವಾ? ಡಾರ್ವಿನ್ ಓದಿದವರಿಗೆ ಆಗುತ್ತದೆ.

ಇನ್ನೊಂದು ವಿಷಯವನ್ನೂ ಹೇಳಿದೆ. ಅರೇಬಿಕಾ ಹುಟ್ಟಿದ್ದು ಆಫ್ರಿಕಾದ ಕಾಡಿನಲ್ಲಿ, ರೊಬಸ್ಟಾ ಮತ್ತು ಯೂಜೆನಾಯ್ಡೀಸ್ ಎಂಬ ಇನ್ನೊಂದು ಕಾಫಿ ಜಾತಿ ತಾವಾಗಿಯೇ ಬೆರೆತು. ನಾವು ಕಡಿಮೆ ದರ್ಜೆ ಅನ್ನುವ ರೊಬಸ್ಟಾ ಅದರ ಹೆತ್ತ ಜೀವ. ಚಿಕ್ಕಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡರು.

ಅಣ್ಣನ ಮಗಳು ಹತ್ತನೇ ತರಗತಿ. 2023ರಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ತಯಾರಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿಯವರು ಆ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದರು. ನನಗೆ ಅದು ಇವತ್ತಿಗೂ ನೋವು. ಮುಂದೆ ವಿಜ್ಞಾನ ತೆಗೆದುಕೊಳ್ಳದ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆಯ ಅವಕಾಶ.

ಅವಳು ಕೇಳಿದಳು, “ಅತ್ತೆ, ಇದನ್ನೆಲ್ಲ ಒಪ್ಪಿದ ಮೇಲೂ ನೀವು ಐನ್‌ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೀರಲ್ಲ?”

ಇಡುತ್ತೇನೆ. ಐನ್‌ಮನೆ ಅಂದರೆ ನಮ್ಮ ಕುಟುಂಬದ ಮೂಲಮನೆ. ದೇವರಕಾಡಿಗೂ ಹೋಗುತ್ತೇನೆ, ಅಲ್ಲಿ ಕೈ ಮುಗಿಯುತ್ತೇನೆ. ಜೀವವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ಜೀವವಿಜ್ಞಾನಿ ಡಾಬ್ಜಾನ್‌ಸ್ಕಿ ಕೂಡ ದೇವರನ್ನು ನಂಬಿದವರು. ಎಡೆ ಇಡುವಾಗ ಹೆಸರು ಹಿಡಿದು ಕರೆಯುವುದು ಕೆಲವೇ ತಲೆಮಾರಿನವರನ್ನು. ಅದರಾಚೆಯವರೂ ಹಿರಿಯರೇ ತಾನೆ? ಆ ಸಾಲು ಹಿಂದೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಮನುಷ್ಯರೇ ಅಲ್ಲದವರನ್ನು ಮುಟ್ಟುತ್ತದೆ. ಇದು ಗೊತ್ತಾದ ಮೇಲೆ ನನ್ನ ಭಕ್ತಿ ಕಡಿಮೆ ಆಗಿಲ್ಲ. ಡಾಕಿನ್ಸ್ ಇದನ್ನು ಒಪ್ಪಲಿಕ್ಕಿಲ್ಲ. ಆದರೂ ಅವರ ಜೀವಶಾಸ್ತ್ರದ ಪುಟಗಳನ್ನು ನಾನು ಬಿಡುವುದಿಲ್ಲ.

ಟಿಕ್ಟಾಲಿಕ್ ಕಥೆ ಇರುವ ಪುಸ್ತಕವನ್ನು ಅವಳಿಗೆ ಕೊಟ್ಟಿದ್ದೇನೆ. ಮಳೆ ಸ್ವಲ್ಪ ಬಿಟ್ಟರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋಗಬೇಕು. ತುಕ್ಕಿನ ಬಗ್ಗೆ ಅವಳಿಗೆ ಕೇಳುವುದು ತುಂಬಾ ಇದೆಯಂತೆ. ಚಿಕ್ಕಪ್ಪನೂ ಬರುತ್ತೇನೆ ಅಂದಿದ್ದಾರೆ.