ಹನ್ನೆರಡು ಅಂದರೆ ನನ್ನಷ್ಟೇ ಅಲ್ವಾ?

2023ರಲ್ಲಿ ಗಣೇಶನ ಹಬ್ಬ ಸೋಮವಾರ ಬಂದಿತ್ತು. ಕೆಲಸದ ದಿನ ಇಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ ಅಂತ ಶುಕ್ರವಾರ ರಾತ್ರಿ ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೆ. ಹಾಲಿನಲ್ಲಿ ಟೀವಿ ಹಾಕಿತ್ತು. ಅಮೆರಿಕದ ಲೂಯಿವಿಲ್‌ನಲ್ಲಿ ಆಗ ಟೀವಿ ಹಾಕಿದರೆ ಬರೀ ಚುನಾವಣೆ ಜಾಹೀರಾತು. ಆ ವರ್ಷ ನವೆಂಬರ್ 7ಕ್ಕೆ ನಮ್ಮ ಕೆಂಟಕಿ ರಾಜ್ಯದ ಗವರ್ನರ್ ಚುನಾವಣೆ ಇತ್ತು.

ಆಗ ಒಂದು ಜಾಹೀರಾತಿನಲ್ಲಿ ಆ ಹುಡುಗಿ ಬಂದಳು. ಇಪ್ಪತ್ತರ ಆಸುಪಾಸಿನವಳು. ನೇರವಾಗಿ ನಮ್ಮನ್ನೇ ನೋಡುತ್ತಾ ಹೇಳಿದಳು. ಮಲತಂದೆ ತನ್ನ ಮೇಲೆ ಅತ್ಯಾಚಾರ ಮಾಡಿದ, ಆಗ ತನಗೆ ಹನ್ನೆರಡು ವರ್ಷ ಅಂತ. ಅಂಥ ಮಗುವಿಗೆ ಹೆರಲೇಬೇಕು ಅನ್ನುವುದು ಯೋಚಿಸಲೂ ಆಗದ ಮಾತು ಅಂತ, ರಿಪಬ್ಲಿಕನ್ ಅಭ್ಯರ್ಥಿ ಡೇನಿಯಲ್ ಕ್ಯಾಮರನ್ ಹೆಸರು ಹಿಡಿದೇ ಹೇಳಿದಳು. ಗವರ್ನರ್ ಆಗಿದ್ದು ಮತ್ತೆ ಚುನಾವಣೆಗೆ ನಿಂತಿದ್ದ ಆಂಡಿ ಬೆಶಿಯರ್ ಅವರ ಜಾಹೀರಾತು ಅದು.

ನಾನು ರಿಮೋಟ್ ಹುಡುಕುತ್ತಿದ್ದೆ. ಮಗಳು ಕಡುಬು ತಿನ್ನುವುದು ಬಿಟ್ಟು ನನ್ನ ಕಡೆ ತಿರುಗಿದಳು.

"ಅಮ್ಮಾ, ಹನ್ನೆರಡು ಅಂದರೆ ನನ್ನಷ್ಟೇ ಅಲ್ವಾ?"

ನಾನು ಏನು ಹೇಳಿದೆ ಗೊತ್ತಾ? "ಊಟ ಆಯ್ತಾ? ತಟ್ಟೆ ತೆಗೆದಿಡು."

ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅಷ್ಟೇ ನಡೆದಿದ್ದು. ಆದರೆ ಮೂರು ದಿನ ಅದೇ ತಲೆಯಲ್ಲಿ ಓಡುತ್ತಿತ್ತು. ಅವಳು ಕೇಳಿದ್ದು, ನಾನು ಹೇಳಿದ್ದು.

ಅವಳು ಒಳಗೆ ಹೋದ ಮೇಲೆ ಊರಿಂದ ಮಗನ ಮನೆಗೆ ಬಂದಿರುವ ಹಿರಿಯರೊಬ್ಬರು ಅಂದರು, "ನೋಡಮ್ಮಾ, ನಮ್ಮ ದೇಶದಲ್ಲಿ ಇದೆಲ್ಲ ಚುನಾವಣೆ ವಿಷಯವೇ ಅಲ್ಲ. ಮಕ್ಕಳ ಎದುರಿಗೆ ಇಂಥದ್ದೆಲ್ಲ ತೋರಿಸ್ತಾರಾ?" ಒಳ್ಳೆಯ ಮನುಷ್ಯರು, ನನ್ನ ಮಗಳಿಗೆ ಚೆಸ್ ಹೇಳಿಕೊಡುತ್ತಾರೆ. ಆದರೆ ಆ ಹುಡುಗಿ ಅನುಭವಿಸಿದ್ದಕ್ಕಿಂತ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದೇ ಅವರಿಗೆ ಜಾಸ್ತಿ ಕಸಿವಿಸಿ ತಂದಿತು. ನನಗೂ ಆ ಕ್ಷಣ ಹಾಗೇ ಆಗಿತ್ತಲ್ಲ, ಇಲ್ಲದಿದ್ದರೆ ರಿಮೋಟ್ ಯಾಕೆ ಹುಡುಕಿದೆ?

ಇಲ್ಲಿಯ ಕಾನೂನಿನ ವಿಷಯ ಸ್ವಲ್ಪ ಹೇಳಬೇಕು. ಗರ್ಭಪಾತದ ಹಕ್ಕು ಕೊಟ್ಟಿದ್ದ ರೋ ತೀರ್ಪನ್ನು ಇಲ್ಲಿಯ ಸುಪ್ರೀಂ ಕೋರ್ಟು ರದ್ದು ಮಾಡಿದರೆ ಕೂಡಲೇ ಜಾರಿಗೆ ಬರಲಿ ಅಂತ ಕೆಂಟಕಿ 2019ರಲ್ಲೇ ಒಂದು ಕಾನೂನು ಮಾಡಿಟ್ಟಿತ್ತು. 2022ರ ಜೂನ್‌ನಲ್ಲಿ ಆ ತೀರ್ಪು ರದ್ದಾಯಿತು. ತಾಯಿಯ ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ಜೀವಕ್ಕೆ ಬೇಕೇಬೇಕಾದ ಅಂಗಕ್ಕೆ ಶಾಶ್ವತವಾದ ದೊಡ್ಡ ಹಾನಿ ಆಗುವಂತಿದ್ದರೆ ಮಾತ್ರ ಗರ್ಭಪಾತ. ಅತ್ಯಾಚಾರ ಆದವರಿಗೆ ವಿನಾಯಿತಿ ಇಲ್ಲ. ಮನೆಯವರಿಂದಲೇ ಆದರೂ ಇಲ್ಲ. ಕ್ಯಾಮರನ್ ಆಗ ರಾಜ್ಯದ ಅಟಾರ್ನಿ ಜನರಲ್. ಆ ಕಾನೂನನ್ನು ಕೋರ್ಟಿನಲ್ಲಿ ಸಮರ್ಥಿಸಿದವರು. ಹಬ್ಬದ ಅದೇ ವಾರ ರೇಡಿಯೋದಲ್ಲಿ, ಶಾಸನಸಭೆ ಅಂಥ ವಿನಾಯಿತಿಯ ಮಸೂದೆ ಕಳಿಸಿದರೆ ಸಹಿ ಹಾಕುತ್ತೇನೆ ಅಂದಿದ್ದರು. ನನಗೆ ಆ 'ಕಳಿಸಿದರೆ' ಅನ್ನುವ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಶಾಸನಸಭೆಯಲ್ಲಿ ಅವರದೇ ಪಕ್ಷದ ಭಾರೀ ಬಹುಮತ ಇತ್ತು. ಕಳಿಸಿ ಅಂತ ಇವರು ಕೇಳಬಹುದಿತ್ತಲ್ಲ?

ಆ ಹುಡುಗಿಗೆ ಗರ್ಭ ತಾನಾಗೇ ಇಳಿದುಹೋಯಿತಂತೆ. ಇಳಿಯದೇ ಇದ್ದಿದ್ದರೂ ಆಗ ಅವಳಿಗೆ ಇನ್ನೊಂದು ದಾರಿ ಇತ್ತು. ಇವತ್ತು ಇದೇ ರಾಜ್ಯದಲ್ಲಿ ಅದೇ ಸ್ಥಿತಿಯಲ್ಲಿರುವ ಮಗುವಿಗೆ ಅದಿಲ್ಲ. ಯಾರಾದರೂ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಇಲಿನಾಯ್‌ನಂಥ ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗಬೇಕು. ಮನೆಯೊಳಗೇ ಕೆಡುಕು ಇರುವಾಗ ಯಾರು ಕರೆದುಕೊಂಡು ಹೋಗುತ್ತಾರೆ?

ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಮ್ಮಲ್ಲಿ 1971ರ ಗರ್ಭಪಾತ ಕಾನೂನೇ ಅತ್ಯಾಚಾರದಿಂದ ನಿಂತ ಗರ್ಭವನ್ನು ಹೆಣ್ಣಿನ ಮನಸ್ಸಿಗೆ ಆದ ದೊಡ್ಡ ಗಾಯ ಅಂತ ಒಪ್ಪಿಕೊಂಡಿದೆ. 2021ರಲ್ಲಿ ಅಂಥವರಿಗೆ ಅವಧಿಯನ್ನು 20 ವಾರದಿಂದ 24ಕ್ಕೆ ಏರಿಸಿದರು. ಅದು ಹೆಮ್ಮೆಯ ವಿಷಯವೇ. ಆದರೆ ಮೈಯಲ್ಲಿ ಏನಾಗಿದೆ ಅಂತ ಮಗುವಿಗೇ ಗೊತ್ತಾಗದೆ, ಮನೆಯವರು ಮುಚ್ಚಿಟ್ಟು, 24 ವಾರ ದಾಟಿದ ಮೇಲೆ ಕೋರ್ಟಿನ ಬಾಗಿಲಲ್ಲಿ ನಿಂತ ಸುದ್ದಿ ನಾವು ಎಷ್ಟು ಓದಿಲ್ಲ?

ಮತ್ತೆ ಬೆಳಗಾವಿ ಅಧಿವೇಶನ ನೆನಪಾಯಿತು. 2021ರ ಡಿಸೆಂಬರ್. ಸದನದಲ್ಲಿ ಮಾತಾಡಲು ಸಮಯ ಸಾಲದು ಅನ್ನುವ ಚರ್ಚೆ. ಅತ್ಯಾಚಾರ ತಪ್ಪಿಸಲು ಆಗದಿದ್ದರೆ ಮಲಗಿ ಆನಂದಿಸಿ ಅನ್ನುವ ಗಾದೆಯನ್ನು ಅಲ್ಲಿ ಮಾಜಿ ಸ್ಪೀಕರ್ ರಮೇಶ್ ಕುಮಾರ್ ಆಡಿದರು. ಪೀಠದಲ್ಲಿದ್ದ ಸ್ಪೀಕರ್ ಕಾಗೇರಿ ನಕ್ಕರು. ಮರುದಿನ ಕ್ಷಮೆ ಕೇಳಿದ್ದಾಯಿತು. 2023ರ ಮೇ ಚುನಾವಣೆಗೆ ರಮೇಶ್ ಕುಮಾರ್ ಅವರಿಗೆ ಅವರ ಪಕ್ಷ ಮತ್ತೆ ಟಿಕೆಟ್ ಕೊಟ್ಟಿತು. ಆ ವೀಡಿಯೋ ನೋಡಿದಾಗ ನನ್ನ ಮಗಳಿಗೆ ಹತ್ತು ವರ್ಷ. ಅವಳು ಪಕ್ಕದಲ್ಲಿದ್ದಳು. ಆಗಲೂ ನಾನು ಫೋನ್ ಬೋರಲು ಹಾಕಿದ್ದೆ.

ನಮ್ಮಲ್ಲಿ ಇದು ಚುನಾವಣೆ ವಿಷಯ ಅಲ್ಲ, ನಿಜ. ವೋಟು ಕೇಳಲು ಮನೆಗೆ ಬಂದವರನ್ನು ರಸ್ತೆ, ನೀರು, ಕರೆಂಟು ಕೇಳುತ್ತೇವೆ. ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಅತ್ಯಾಚಾರವಾದ ಹುಡುಗಿ ಬಂದರೆ ಅವಳನ್ನು ನೋಡಲು ಲೇಡಿ ಡಾಕ್ಟರ್ ಇರುತ್ತಾರಾ, ಗರ್ಭ ನಿಲ್ಲದ ಹಾಗೆ ಮಾತ್ರೆ ಕೊಡುತ್ತಾರಾ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಊರಲ್ಲಿ ನಾಲ್ಕು ಸಲ ವೋಟು ಹಾಕಿದ ನಾನೂ ಕೇಳಲಿಲ್ಲ.

ಭಾನುವಾರ ಸಂಜೆ ಬಟ್ಟೆ ಮಡಚುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಮೊನ್ನೆ ನೀನು ಕೇಳಿದ್ಯಲ್ಲ, ಹೌದು, ನಿನ್ನಷ್ಟೇ" ಅಂದೆ. ಸ್ವಲ್ಪ ಹೊತ್ತು ಕಾಲುಚೀಲದ ಜೊತೆ ಹುಡುಕುತ್ತಿದ್ದಳು.

"ಅವಳು ಅವಳಮ್ಮನಿಗೆ ಹೇಳಿದ್ಲಾ?"

"ಗೊತ್ತಿಲ್ಲ ಪುಟ್ಟಾ. ನೀನಾದರೆ ನನಗೆ ಹೇಳ್ತೀಯಾ?"

ತಲೆ ಎತ್ತಿ ನನ್ನನ್ನೇ ನೋಡಿದಳು.

"ತಟ್ಟೆ ತೆಗೆದಿಡು ಅನ್ನಲ್ಲ ತಾನೆ?"