ಉರಿ ಆರಿಸಿ ಹಾಕುವ ಕೆಂಪು ಪುಡಿ

ನಮ್ಮೂರು ಸಿರುಗುಪ್ಪ. ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆ ಕಾಲುವೆ ನೀರು ಹರಿಯುವ ಕಡೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಮೆಣಸಿನಕಾಯಿ. ಈಗ ನಾನಿರುವುದು ಹಂಗೇರಿಯ ಸೆಗೆಡ್‌ನಲ್ಲಿ. ತಿಸಾ ನದಿ ದಂಡೆಯ ಈ ಊರಿಗೂ ಮೆಣಸಿನಕಾಯಿಯಿಂದಲೇ ಹೆಸರು. ನಮಗೆ ಬ್ಯಾಡಗಿ ಹೇಗೋ, ಹಂಗೇರಿಯವರಿಗೆ ಸೆಗೆಡ್ ಮತ್ತು ಕಲೋಚಾ ಊರುಗಳ ಪಾಪ್ರಿಕಾ ಹಾಗೆ. ಪಾಪ್ರಿಕಾ ಅಂದರೆ ಇಲ್ಲಿನ ಮೆಣಸಿನಕಾಯಿ, ಅದರ ಪುಡಿಗೂ ಅದೇ ಹೆಸರು.

ಬಂದ ಹೊಸದರಲ್ಲಿ ಅಂಗಡಿಯಲ್ಲಿ ಆ ಕೆಂಪು ಪುಡಿ ಕಂಡು ಜೀವ ಬಂದ ಹಾಗಾಯ್ತು. ಮನೆಗೆ ತಂದು, ಎಣ್ಣೆ ಚೆನ್ನಾಗಿ ಕಾಸಿ, ಸಾಸಿವೆ ಸಿಡಿಸಿ, ಎರಡು ಚಮಚ ಹಾಕಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಪುಡಿ ಕಂದು ತಿರುಗಿತು. ಪಲ್ಯವೆಲ್ಲ ಕಹಿ, ಖಾರ ಮಾತ್ರ ಹೆಸರಿಗೂ ಇಲ್ಲ. ಅವತ್ತು ರಾತ್ರಿ ಮೊಸರನ್ನ ತಿಂದು ಮಲಗಿದೆವು.

ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ಇಲ್ಲಿ ಹಿರಿಯ ಹೆಂಗಸರನ್ನು 'ನೇನಿ' ಅಂತ ಕರೆಯುತ್ತಾರೆ, ನಾವು ದೊಡ್ಡವ್ವ ಅನ್ನುವ ಹಾಗೆ. ನನ್ನ ಡಬ್ಬಿ ತೆಗೆದು ಚಿಟಿಕೆ ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಪುಡಿ ಚೆನ್ನಾಗಿಯೇ ಇದೆ, ನಿನ್ನ ಒಲೆ ಜಾಸ್ತಿ ಆಯ್ತು ಅಂದರು. ಪಾಪ್ರಿಕಾದಲ್ಲಿ ಸಕ್ಕರೆ ಅಂಶ ಇರುತ್ತೆ. ಕಾದ ಎಣ್ಣೆಗೆ ಬಿದ್ದ ತಕ್ಷಣ ಸೀದುಹೋಗುತ್ತೆ. ಹಾಗಂತ ಎಣ್ಣೆಯೇ ಇಲ್ಲದಿದ್ದರೆ ಬಣ್ಣ ಬಿಡುವುದಿಲ್ಲ. ಆ ಕೆಂಪು ಕರಗುವುದು ಎಣ್ಣೆಯಲ್ಲೇ.

ಮರುದಿನ ಅವರ ಅಡುಗೆಮನೆಯಲ್ಲಿ ನಿಂತು ಪಾಪ್ರಿಕಾಶ್ ಕ್ರುಂಪ್ಲಿ ಮಾಡುವುದನ್ನು ನೋಡಿದೆ. ಕ್ರುಂಪ್ಲಿ ಅಂದರೆ ಆಲೂಗಡ್ಡೆ. ಇಲ್ಲಿನವರು ಇದಕ್ಕೆ ಹಂದಿಮಾಂಸದ ಸಾಸೇಜ್ ಹಾಕುತ್ತಾರೆ. ನಾವು ತಿನ್ನುವುದಿಲ್ಲ ಅಂತ ನೇನಿ ಅದನ್ನು ಬಿಟ್ಟು, ಹಂದಿಕೊಬ್ಬಿನ ಬದಲು ಸೂರ್ಯಕಾಂತಿ ಎಣ್ಣೆ ಇಟ್ಟರು. ಎರಡು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಕಾಲು ಗಂಟೆಗೂ ಮೇಲೆ ಬಾಡಿಸಿದರು. ಈರುಳ್ಳಿ ಕರಗಿ ಗೊಜ್ಜಿನ ಹಾಗಾಗಬೇಕು, ಕೆಂಪಗಾಗಬಾರದು. ಆಮೇಲೆ ಪಾತ್ರೆಯನ್ನೇ ಒಲೆಯಿಂದ ಕೆಳಗಿಳಿಸಿದರು. ಎರಡು ದೊಡ್ಡ ಚಮಚ ಪಾಪ್ರಿಕಾ ಸುರಿದು ಎರಡು ಸುತ್ತು ತಿರುವಿದರು. ನೋಡ್ತಾ ನೋಡ್ತಾ ಈರುಳ್ಳಿಯೆಲ್ಲ ಕುಂಕುಮ ಕಲಸಿದ ಹಾಗಾಯ್ತು. ತಡ ಮಾಡದೆ ಒಂದು ಲೋಟ ನೀರು, ಒಂದು ಕಿಲೋ ಆಲೂಗಡ್ಡೆ ಹೋಳು, ಒಂದು ಟೊಮ್ಯಾಟೊ, ಉಪ್ಪು. ಕೊನೆಗೆ ಕ್ಯಾರವೇ ಅನ್ನುವ ಒಂದು ಬಗೆಯ ಕಾಳು ಹಾಕಿದರು. ನೋಡೋಕೆ ಜೀರಿಗೆ ತರಹ, ವಾಸನೆಯೇ ಬೇರೆ. ಮತ್ತೆ ಒಲೆಗಿಟ್ಟು, ಹೋಳು ಮುಳುಗುವಷ್ಟು ನೀರು ಹಾಕಿ ಬೇಯಿಸಿದರು. ಅಷ್ಟೇ.

ಒಂದು ಕಿಲೋಗೆ ಎರಡು ದೊಡ್ಡ ಚಮಚ ಅಂತ ಫೋನಿನಲ್ಲಿ ಹೇಳಿದ್ದಕ್ಕೆ ಅವ್ವ ಗಾಬರಿಯಾದಳು. "ಅಷ್ಟ್ ಖಾರ ಹಾಕಿದ್ರ ಯಾರ್ ತಿಂತಾರವ್ವ?" ನಮ್ಮಲ್ಲಿ ಖಾರದಪುಡಿ ಅಂದರೆ ಖಾರಕ್ಕೆ. ಇಲ್ಲಿ ಅದು ಬಣ್ಣಕ್ಕೆ, ರುಚಿಗೆ, ಸಾರು ಮಂದವಾಗುವುದಕ್ಕೆ. ಪ್ಯಾಕೆಟ್ ಮೇಲೆ 'ಎಡೆಶ್' ಅಂದರೆ ಸಿಹಿ, 'ಚಿಪೋಶ್' ಅಂದರೆ ಖಾರ. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಕೆಲಸ ನಡೆಯುತ್ತೆ.

ಮೊದಲು ಇಲ್ಲೂ ಕಾಯಿ ಖಾರವೇ ಇತ್ತಂತೆ. ಖಾರ ಕೂತಿರುವುದು ಒಳಗಿನ ಬಿಳಿ ನಾರಿನಲ್ಲಿ. ಅದನ್ನು ಹೆಂಗಸರು ಕೂತು ಕೈಯಲ್ಲಿ ಬಿಡಿಸುತ್ತಿದ್ದರು. ಖಾರವಿಲ್ಲದ ತಳಿ ಬಂದದ್ದು ಆಮೇಲೆ. ಇದನ್ನು ಹೇಳುವಾಗ ನೇನಿ ತಮ್ಮ ಬೆರಳ ತುದಿ ಸವರಿಕೊಂಡರು. ನನಗೆ ನಮ್ಮೂರ ಕಣ ಕಣ್ಣೆದುರು ಬಂತು. ಸುಗ್ಗಿಯಲ್ಲಿ ಅವ್ವ, ಚಿಗವ್ವ ಎಲ್ಲ ಸಾಲಾಗಿ ಕೂತು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ರಾತ್ರಿ ಕೈ ಉರಿ ತಡೆಯದೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಆ ಕೈಯಲ್ಲಿ ನಮ್ಮ ಮುಖ ಮುಟ್ಟುತ್ತಿರಲಿಲ್ಲ.

ಈ ಊರಿಗೆ ಪಾಪ್ರಿಕಾ ಮೇಲೆ ಇನ್ನೊಂದು ಅಭಿಮಾನವೂ ಇದೆ. ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅನ್ನುವ ವಿಜ್ಞಾನಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿದ್ದಾಗ ಹಸಿ ಪಾಪ್ರಿಕಾ ಕಾಯಿಯಿಂದ ವಿಟಮಿನ್ ಸಿ ಅನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಂತು. ನೇನಿ ಇದನ್ನು ತಮ್ಮ ಮನೆಯ ಹುಡುಗನ ಸುದ್ದಿ ಹೇಳಿದಂತೆ ಹೇಳುತ್ತಾರೆ.

ನಾನೂ ಸುಮ್ನೆ ಕಲಿಯುತ್ತಾ ಕೂರಲಿಲ್ಲ. ಅವರಿಗೆ ಶೇಂಗಾ ಚಟ್ನಿಪುಡಿ ಮಾಡಿ ತೋರಿಸಿದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಖಾರದಪುಡಿ ಬದಲು ಅವರದೇ ಸಿಹಿ ಪಾಪ್ರಿಕಾ. ಕಲ್ಲಿನಲ್ಲಿ ಕುಟ್ಟಿದಾಗ ಶೇಂಗಾ ಎಣ್ಣೆ ಬಿಟ್ಟು ಪುಡಿಯೆಲ್ಲ ಕೆಂಪಗಾಯ್ತು. ಅವರು ಬ್ರೆಡ್‌ಗೆ ಬೆಣ್ಣೆ ಸವರಿ ಮೇಲೆ ಉದುರಿಸಿಕೊಂಡು ತಿಂದರು. ಈಗ ತಿಂಗಳಿಗೊಂದು ಬಾಟಲಿ ಬೇಕು ಅವರಿಗೆ.

ಊರಲ್ಲಿ ಈ ಆಲೂಗಡ್ಡೆ ಮಾಡಿ ನೋಡುವವರು ಬ್ಯಾಡಗಿ ಪುಡಿಯನ್ನೇ ತಗೊಳ್ಳಿ. ಬಣ್ಣ ಹೆಚ್ಚು, ಖಾರ ಕಡಿಮೆ, ಪಾಪ್ರಿಕಾಕ್ಕೆ ತೀರ ಹತ್ತಿರದ್ದು ಅದೇ. ಒಂದು ಚಮಚದಿಂದ ಶುರು ಮಾಡಿ. ಗುಂಟೂರು ಪುಡಿ ಮಾತ್ರ ಬೇಡ. ಅವ್ವ ಮೊದಲ ಸಲ ಮನೆಯಲ್ಲಿದ್ದ ಗುಂಟೂರು ಪುಡಿಯನ್ನೇ ನಾನು ಹೇಳಿದ ಅಳತೆಯಲ್ಲಿ ಹಾಕಿ, ಅಪ್ಪನಿಗೆ ಆ ದಿನವಿಡೀ ಮಜ್ಜಿಗೆಯೇ ಗತಿಯಾಯ್ತು. ಎರಡನೇ ಸಲ ಬ್ಯಾಡಗಿಯಲ್ಲಿ ಸರಿಯಾಗಿ ಬಂತು. ಜೋಳದ ರೊಟ್ಟಿಗೆ ಭಾರೀ ಚಲೋ ಅಂತಾಳೆ.

ಅವ್ವ ಅದನ್ನು ಹಾಗೇ ಬಿಡಲಿಲ್ಲ. ಇಳಿಸುವ ಮೊದಲು ಒಂದಿಷ್ಟು ಶೇಂಗಾ ಪುಡಿ ಹಾಕಲು ಶುರು ಮಾಡಿದ್ದಾಳೆ. ನಾನೂ ಇಲ್ಲಿ ಹಾಗೇ ಮಾಡಿ ನೇನಿಗೆ ಒಂದು ಬಟ್ಟಲು ಕೊಟ್ಟೆ. ತಿಂದವರೇ ಎದ್ದು ಹೋಗಿ ತಮ್ಮ ಅಡುಗೆ ಪುಸ್ತಕ ತಂದರು. ಒಂದು ಕಿಲೋ ಆಲೂಗಡ್ಡೆಗೆ ಶೇಂಗಾ ಪುಡಿ ಎಷ್ಟು ಗ್ರಾಂ, ನಿಮ್ಮ ತಾಯಿಯನ್ನು ಕೇಳಿ ಹೇಳು ಅಂದರು. ಕೇಳಿದೆ. "ಗ್ರಾಮ್ ಎಲ್ಲಿಂದ ತರ್ಲಿ, ಒಂದ್ ಹಿಡಿ ಅಂತ ಹೇಳು" ಅಂದಳು ಅವ್ವ. ನೇನಿ ಹಾಗೇ ಬರೆದುಕೊಂಡರು, ಒಂದು ಹಿಡಿ ಅಂತ.